ಎರಡು ಕಿಲೋ

ಕೆರಿಚೋ ಗುಡ್ಡದಲ್ಲಿ ಚಹಾ ಸೊಪ್ಪು ಕೊಳ್ಳುವ ಕಟ್ಟೆ,
ಅದರ ತಕ್ಕಡಿಯ ಗುಮಾಸ್ತ ನಾನು.
ತಗಡಿನ ಸೂರು, ತೊಲೆಗೆ ನೇತುಬಿಟ್ಟ ಕೊಕ್ಕೆ,
ಕೊಕ್ಕೆಯ ಮೇಲೆ ಗಡಿಯಾರದಂಥ ದುಂಡು ಮುಖ.
ಅದರ ಮುಳ್ಳು ನನಗೊಬ್ಬನಿಗೇ ಕಾಣುವಂತೆ
ತಿರುಗಿಸಿ ಕಟ್ಟಿದವನೂ ನಾನೇ.

ಚೀಲಕ್ಕೆ ಎರಡು ಕಿಲೋ.
ಒಂದು ಇಬ್ಬನಿಯ ಲೆಕ್ಕ, ಒಂದು ಗೋಣಿಯದು
ಎಂದು ಹೇಳುವುದು. ಕೇಳಿದರೆ.
ಯಾರೂ ಕೇಳುತ್ತಿರಲಿಲ್ಲ.
ಸಂಜೆ ಆ ಕಿಲೋಗಳೆಲ್ಲ ಇರುವೆಗಳ ಹಾಗೆ ಸಾಲು ಹಿಡಿದು
ಭಾಮೈದ ಕೊಸ್ಗೇಯ್‌ನ ಖಾತೆಗೆ ನಡೆಯುತ್ತಿದ್ದವು.
ಅವನದು ಅಂಗೈಯಗಲ ತೋಟ;
ಪುಸ್ತಕದಲ್ಲಿ ಮಾತ್ರ ವರ್ಷವಿಡೀ ಚಿಗುರುತ್ತಿತ್ತು.

ಭಾನುವಾರ ನಾನು ಸಭೆಯ ಹಿರಿಯ.
ಇಸ್ತ್ರಿಯ ಕೋಟು, ಕೈಯಲ್ಲಿ ಕಾಣಿಕೆಯ ಚೀಲ.
ಆ ಚೀಲದಿಂದ ಒಂದು ಶಿಲ್ಲಿಂಗ್ ಮುಟ್ಟಿದವನಲ್ಲ.
ಆದ್ದರಿಂದ ನಾನು ಪ್ರಾಮಾಣಿಕನೆಂದು
ನನಗೂ ಅನ್ನಿಸಿಬಿಟ್ಟಿತ್ತು.

ಆರಾಧನೆ ಮುಗಿದ ಮೇಲೆ ಒಂದು ದಿನ
ತಾಪ್ರಂದಿಚ್ ಬಂದು ನಿಂತಳು.
"ಗಿಡಕ್ಕೆ ಏನೋ ಆಗಿದೆಯಪ್ಪ.
ಬೆನ್ನಿಗೆ ತಿಳಿಯುವ ಭಾರ ಪುಸ್ತಕದಲ್ಲಿ ಕಾಣುತ್ತಿಲ್ಲ.
ಬೆನ್ನಿಗೇ ಮುಪ್ಪು ಬಂತೋ, ಗಿಡವೇ ಬರಡಾಯಿತೋ.
ಒಂದು ಪ್ರಾರ್ಥನೆ ಮಾಡು."

ಮಾಡಿದೆ. ತಲೆವಸ್ತ್ರದ ಮೇಲೆ ಕೈಯಿಟ್ಟು
ಮಳೆಗೆ, ಮಣ್ಣಿಗೆ, ಬೇರಿಗೆ, ಬೆನ್ನಿಗೆ
ಒಂದೊಂದಕ್ಕೂ ಬೇರೆ ಬೇರೆ.
ನನ್ನ ಪ್ರಾರ್ಥನೆಗೆ ಊರಲ್ಲಿ ಹೆಸರಿದೆ.
ತಕ್ಕಡಿಯೊಂದನ್ನು ಬಿಟ್ಟು
ಎಲ್ಲವನ್ನೂ ದೇವರ ಗಮನಕ್ಕೆ ತಂದೆ.
ನನಗಿಂತ ಮೊದಲೇ ಆಮೆನ್ ಅಂದಳು.
ಅಂಗೈಯಲ್ಲಿ ಒಂದು ಮೊಟ್ಟೆ ಇಟ್ಟಳು,
ಕೋಳಿಯ ಬಿಸಿ ಇನ್ನೂ ಆರಿರಲಿಲ್ಲ.

ತಿನ್ನಲೂ ಆಗಲಿಲ್ಲ, ಬಿಸಾಡಲೂ ಆಗಲಿಲ್ಲ.
ಮೊಟ್ಟೆ ಜೇಬಿನಲ್ಲೇ ಉಳಿಯಿತು.
ರಾತ್ರಿಯಿಡೀ ಗೂಟದಲ್ಲಿ ಕೋಟು
ಒಂದು ಮಗ್ಗುಲಿಗೆ ವಾಲಿಕೊಂಡು ನೇತಾಡಿತು.

ಸೋಮವಾರ, ಮಂಜು. ಅವಳ ಚೀಲ ಕೊಕ್ಕೆಗೆ ಬಂತು.
ಮುಳ್ಳು ಹದಿನಾರಕ್ಕೆ ನಿಂತಿತು.
ಹದಿನಾರು ಅಂದೆ.
ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.
ಅವಳೊಬ್ಬಳಿಗೆ ಮಾತ್ರ.
ಹಿಂದೆ ನಿಂತವರಿಗೆ ಎಂದಿನ ಹಾಗೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.
ಮುಂದಿನ ಭಾನುವಾರ ಅವಳು ಸಭೆಯ ನಡುವೆ ಎದ್ದು
ಸಾಕ್ಷಿ ಹೇಳಿದಳು:
ಹಿರಿಯರು ಕೈಯಿಟ್ಟರು, ಬೆಳಗಾಗುವುದರೊಳಗೆ
ನನ್ನ ಗಿಡ ಬದಲಾಯಿತು!
ಹೆಂಗಸರು ನಾಲಗೆ ಆಡಿಸಿ ಕೇಕೆ ಹಾಕಿದರು, ಡೋಲು ಬಡಿಯಿತು,
ಪಾದ್ರಿಗಳು ನನ್ನ ಹೆಗಲು ತಟ್ಟಿದರು.
ಆಮೇಲೆ ಬಾಗಿಲವರೆಗೂ ಒಂದು ಸಾಲು,
ಸೋಮವಾರದ ಅದೇ ಸಾಲು, ಅವೇ ಮುಖಗಳು,
ತಂತಮ್ಮ ಗಿಡಗಳನ್ನು ನನ್ನ ಕೈಗೆ ಒಪ್ಪಿಸಲು.

ಬುಧವಾರ ಕತ್ತಲಾದ ಮೇಲೆ ಅವಳ ಮನೆಗೆ ಹೋದೆ.
ಮಣೆ ಕೊಟ್ಟರೂ ಕೂರದೆ
ನಿಂತೇ ಎಲ್ಲ ಹೇಳಿದೆ.
ಅವಳು ಒಲೆಯನ್ನೇ ನೋಡುತ್ತಿದ್ದಳು.
ಹಾಲು ಉಕ್ಕಿತು; ಇಬ್ಬರೂ ಇಳಿಸಲಿಲ್ಲ.

"ಹಾಗಾದರೆ ನನ್ನ ಬೆನ್ನು ಸುಳ್ಳು ಹೇಳಿರಲಿಲ್ಲ"
ಅಂದಳು ಕಡೆಗೆ.

ಕ್ಷಮಿಸು ಅಂದೆ.
"ಅದು ಆಮೇಲೆ. ಮೊದಲು ಲೆಕ್ಕ."
ಒಲೆಯ ಬದಿಯಿಂದ ಇದ್ದಿಲ ಚೂರೊಂದನ್ನು ಆರಿಸಿ
ಮಣ್ಣ ಗೋಡೆಯ ಮೇಲೆ ಗೀರತೊಡಗಿದಳು,
ವಾರಕ್ಕೆ ಮೂರು ಚೀಲ, ನಾಲ್ಕು ವರ್ಷ,
ಗೆರೆಯ ಪಕ್ಕ ಗೆರೆ, ಕಿಟಕಿಯ ತನಕ, ಕಿಟಕಿ ದಾಟಿ.
ಗುಣಿಸಿ ಹೇಳಲು ಬಾಯಿ ತೆರೆದೆ.
"ನೀನು ಸುಮ್ಮನಿರು.
ಈ ಸಲ ನಾನು ಎಣಿಸುತ್ತೇನೆ."

ಹೊರಟಾಗ ಕೇಳಿದಳು: "ನಾನೊಬ್ಬಳೇ ಏನು?"
ಅಲ್ಲ. ಮೂವತ್ತೇಳು ಮನೆ.
ಒಳಗೆ ಹೋಗಿ ಟಾರ್ಚು ತಂದುಕೊಟ್ಟಳು.
"ಪಕ್ಕದವರ ನಾಯಿ ಕಚ್ಚುತ್ತದೆ, ನೋಡಿಕೊಂಡು ಹೋಗು.
ದೀಪ ಇದೆ, ಇನ್ನೂ ಮಲಗಿಲ್ಲ."